ಮನೆಯ ಹಳೇ ಕ್ಯಾಸೆಟ್ಟುಗಳನ್ನು ಮತ್ತೆ ಹಾಡಿಸುವುದು ಹೇಗೆ: ಮುಂಬೈ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ತಿಂಗಳು ತಿಂಗಳು ದುಡ್ಡು ಕಟ್ಟಿ ಹಾಡು ಕೇಳುವ ಆ್ಯಪಿನಲ್ಲಿ ನಿಮ್ಮದು ಅಂತ ಒಂದು ಹಾಡೂ ಇರುವುದಿಲ್ಲ. 'ಡೌನ್‌ಲೋಡ್' ಒತ್ತಿ ಇಳಿಸಿಕೊಂಡದ್ದು ಫೋನಿನಲ್ಲೇ ಇರುತ್ತದೆ ನಿಜ, ಆದರೆ ಬೀಗ ಹಾಕಿದ ಫೈಲು ಅದು. ಆ ಆ್ಯಪ್ ಬಿಟ್ಟು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ, ಚಂದಾ ಮುಗಿದ ಮೇಲೆ ಅದರಲ್ಲೂ ಇಲ್ಲ. ಹಾಡಿನ ಹಕ್ಕಿದ್ದ ಕಂಪನಿಗೂ ಆ್ಯಪಿನವರಿಗೂ ಒಪ್ಪಂದ ಮುಗಿದರೆ ನಿನ್ನೆ ಕೇಳಿದ ಭಾವಗೀತೆ ಇವತ್ತು ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಮಿಸುಕದೆ ಬಿದ್ದಿರುತ್ತದೆ. ದಾಸರ ಪದ ಹುಡುಕಿದರೆ ಡೋಲಕ್ ಬಡಿದ ರೀಮಿಕ್ಸ್ ಮೊದಲು ಬರುತ್ತದೆ. ಹಾಡಿದವರ ಹೆಸರಿನ ಜಾಗದಲ್ಲಿ ಕ್ಯಾಸೆಟ್ ಕಂಪನಿಯ ಹೆಸರು. ನಮ್ಮಮ್ಮನ ಫೋನಿನಲ್ಲಿ ಒಂದು ದಿನ ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಗಿ ಓಟಿಪಿ ಕೇಳಿತು. ಓಟಿಪಿ ಹೋದದ್ದು ಆಫೀಸಿನಲ್ಲಿದ್ದ ನನ್ನ ನಂಬರಿಗೆ. "ಹಾಡು ಕೇಳೂಕೂ ನಿನ್ನ ಪರ್ಮಿಷನ್ ಬೇಕಾ ಮಗಾ?" ಎಂದರು.

ಹಾಗಂತ ಇದು ಹಳೆಯದೆಲ್ಲ ಚಿನ್ನ ಎನ್ನುವ ಲೇಖನವಲ್ಲ. ಕ್ಯಾಸೆಟ್ಟಿನ ಧ್ವನಿ ಸೀಡಿಗೆ ಸಮವಲ್ಲ, ಎಂದೂ ಆಗಿರಲಿಲ್ಲ. ವಿಷಯ ಬೇರೆಯೇ ಇದೆ. ಮುಂಬೈಯ ಕನ್ನಡಿಗರ, ಅದರಲ್ಲೂ ಕರಾವಳಿಯಿಂದ ಬಂದವರ ಮನೆಗಳ ಕ್ಯಾಸೆಟ್ ಡಬ್ಬಿಯಲ್ಲಿ ಅಂಗಡಿಯಿಂದ ತಂದದ್ದಕ್ಕಿಂತ ತಾವೇ ರೆಕಾರ್ಡ್ ಮಾಡಿದ್ದು ಹೆಚ್ಚು. ಮಾಟುಂಗದಲ್ಲೋ ಮಾಹಿಮಿನಲ್ಲೋ ಡೊಂಬಿವಲಿಯಲ್ಲೋ ರಾತ್ರಿಯಿಡೀ ನಡೆದ ತಾಳಮದ್ದಳೆ, ಮದುವೆಯಲ್ಲಿ ಅಜ್ಜಿ ಹೇಳಿದ ಶೋಭಾನೆ, ಕಾಗದ ಬರೆಯಲು ಬಾರದ ದೊಡ್ಡಮ್ಮ ಊರಿನಿಂದ ಮಾತಾಡಿ ಕಳಿಸಿದ ಟೇಪು. ಇವು ಯಾವ ಸರ್ವರಿನಲ್ಲೂ ಇಲ್ಲ. ಇರುವ ಒಂದೇ ಒಂದು ಪ್ರತಿ ನಿಮ್ಮ ಮನೆಯ ಲಾಫ್ಟಿನಲ್ಲಿದೆ. ಅದನ್ನು ಇಳಿಸಿ, ಹಾಡಿಸಿ, ನಕಲು ಮಾಡಿ, ಮನೆಯ ಹಿರಿಯರು ಯಾರನ್ನೂ ಕೇಳದೆ ಗುಂಡಿ ಒತ್ತಿ ಕೇಳುವ ಹಾಗೆ ಮಾಡುವವರೆಗಿನ ದಾರಿ ಇಲ್ಲಿದೆ.

ಮೊದಲು ವಿಂಗಡಿಸಿ, ಕಿವಿ ಮುರಿಯಿರಿ

ಡಬ್ಬಿ ಇಳಿಸಿದ ಕೂಡಲೇ ಕ್ಯಾಸೆಟ್ ಹಾಕಿ ಪ್ಲೇ ಒತ್ತುವ ಆಸೆಯನ್ನು ತಡೆದುಕೊಳ್ಳಿ. ಮೂರು ಗುಂಪು ಮಾಡಿ: ಮನೆಯಲ್ಲಿ ರೆಕಾರ್ಡ್ ಮಾಡಿದ್ದು, ಅಂಗಡಿಯದಾದರೂ ಈಗ ಎಲ್ಲೂ ಸಿಗದ್ದು, ಸೀಡಿಯಲ್ಲೋ ಬೇರೆ ಕಡೆಯೋ ಸಲೀಸಾಗಿ ಸಿಗುವಂಥದ್ದು. ಮೂರನೆಯ ಗುಂಪಿಗೆ ಸದ್ಯ ಸಮಯ ಕೊಡಬೇಡಿ. ಆದರೆ ಎಸೆಯುವ ಮುನ್ನ ಎರಡೂ ಬದಿ ಕೇಳಲೇಬೇಕು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಲು ಮನಸ್ಸಾಗದೆ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮುರಿದ ಕಿವಿಯ ಜಾಗಕ್ಕೆ ಸೆಲೋಟೇಪ್ ಅಂಟಿಸಿ ಅದರ ಮೇಲೆಯೇ ಯಕ್ಷಗಾನ ರೆಕಾರ್ಡ್ ಮಾಡಿದ ಮನೆಗಳು ಎಷ್ಟೋ. ಮೇಲೆ ಸಿನಿಮಾದ ಚಿತ್ರ, ಒಳಗೆ ಕರ್ಣಪರ್ವ.

ಆ ಕಿವಿಯ ವಿಷಯ ಈಗಲೇ ಮುಗಿಸಿಬಿಡಿ. ಟೇಪು ಕಾಣುವ ಅಂಚನ್ನು ಕೆಳಗೆ ಮಾಡಿ ಹಿಡಿದರೆ ಮೇಲಿನ ಎರಡು ಮೂಲೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ನಿಮ್ಮ ಕಡೆ ಮುಖ ಮಾಡಿದ ಬದಿಗೆ ಸೇರಿದ್ದು ಎಡಗಡೆಯದು. ಅದನ್ನು ಮುರಿದರೆ ಆ ಬದಿಯ ಮೇಲೆ ರೆಕಾರ್ಡ್ ಗುಂಡಿ ಕೂರುವುದಿಲ್ಲ. ಅಲ್ಲಿ ಅಂಟಿಸಿದ ಸೆಲೋಟೇಪ್ ಇದ್ದರೆ ಕಿತ್ತುಹಾಕಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬಾರದು.

ಆಮೇಲೆ ಮೇಲಿನ ಕಾಗದದ ಎರಡೂ ಮುಖದ ಫೋಟೋ ತೆಗೆದಿಡಿ. ಪೆನ್ನಿನಲ್ಲಿ ಬರೆದ ತಾರೀಕು, ಭಾಗವತರ ಹೆಸರು, 'ಮಾಮಾನಿಗೆ ಕೊಡಬೇಕು' ಎಂಬಂಥ ಟಿಪ್ಪಣಿ, ಎಲ್ಲವೂ ಮುಂದೆ ಬೇಕಾಗುತ್ತದೆ.

ಕ್ಯಾಸೆಟ್ಟಿನ ಆರೋಗ್ಯ

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಹೊರತಂದ ಈ ಸಾಧನದ ಒಳಗಿನ ಟೇಪಿನ ಅಗಲ 3.81 ಮಿಲಿಮೀಟರ್, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಎರಡು ಬದಿ, ಎರಡೂ ಸ್ಟೀರಿಯೋ, ಎಲ್ಲವೂ ಆ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದಲ್ಲಿ ಇರುಕಿಕೊಂಡಿರುವುದರಿಂದ ಒಂದು ಚೂರು ಧೂಳು ಕೂತರೂ ಧ್ವನಿ ಮಂಕಾಗುತ್ತದೆ. ಸಿ-60 ಎಂದರೆ ಬದಿಗೆ 30 ನಿಮಿಷ, ಸಿ-90 ಎಂದರೆ 45. ಸಿ-120 ಕಂಡರೆ ಹುಷಾರು. ಅದೇ ಚಿಪ್ಪಿನೊಳಗೆ ಹೆಚ್ಚು ಉದ್ದ ತುರುಕಲು ಟೇಪನ್ನು ತೀರ ತೆಳ್ಳಗೆ ಮಾಡಿರುತ್ತಾರೆ, ಎಳೆದರೆ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ತಾಳಮದ್ದಳೆಯ ಹುಚ್ಚಿದ್ದವರಿಗೆ ಮಧ್ಯೆ ಬದಿ ಬದಲಿಸುವ ರಗಳೆ ಬೇಡವಾಗಿದ್ದರಿಂದ ನಮ್ಮವರ ಡಬ್ಬಿಗಳಲ್ಲಿ ಸಿ-120 ಸಿಗುವುದುಂಟು.

ಮುಂಬೈಯಲ್ಲಿ ಮುಖ್ಯ ಶತ್ರು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಕ್ಯಾಸೆಟ್ ಒಣಗಿರುವುದು ಎಲ್ಲಿಂದ? ಕಿಟಕಿಯಂಥ ಪಾರದರ್ಶಕ ಜಾಗದಲ್ಲಿ ನೋಡಿ: ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ನೂಲಿನಂಥದ್ದೋ ಕಂಡರೆ ಅದು ಬೂಷ್ಟು. ಅಂಥದ್ದನ್ನು ಪ್ಲೇಯರಿಗೆ ಹಾಕಲೇಬಾರದು. ಟೇಪಿನಿಂದ ಸದ್ದು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ವಾರ ಮುಚ್ಚಿಡಿ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ಕೂತು, ಮೆತ್ತಗಿನ ಬ್ರಷ್ಷಿನಿಂದ ಉದುರಿಸಿ. ಬೂಷ್ಟು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಉಬ್ಬಸ ಇರುವವರು ಈ ಕೆಲಸಕ್ಕೆ ಕೂರುವುದೇ ಬೇಡ. ಮನೆಯ ಏಕೈಕ ಟೇಪು ಪೂರ್ತಿ ಬೂಷ್ಟು ಹಿಡಿದಿದ್ದರೆ ವೃತ್ತಿಪರರ ಕೈಗೆ ಕೊಡಿ.

ಬೂಷ್ಟಿಲ್ಲದ್ದನ್ನು ಬೆಳಕಿಗೆ ಹಿಡಿದು ಕೆಳಗಿನ ಅಂಚು ನೋಡಿ. ನಡುವೆ ತೆಳು ತಾಮ್ರದ ಪಟ್ಟಿಯ ಮೇಲೆ ಒಂದು ಚಿಕ್ಕ ಉಣ್ಣೆಯ ಚೌಕ ಅಂಟಿರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಮೂವತ್ತು ವರ್ಷದಲ್ಲಿ ಅಂಟು ಒಣಗಿ ಅದು ಉದುರಿರುತ್ತದೆ, ಆಗ ಹಾಡು ದೂರದಿಂದ ಬಂದ ಹಾಗೆ ಕೇಳುತ್ತದೆ. ಜನ ಟೇಪೇ ಹಾಳಾಯಿತೆಂದು ಎಸೆಯುವುದು ಹೆಚ್ಚಾಗಿ ಈ ಚೌಕ ಬಿದ್ದದ್ದಕ್ಕೆ. ಬೇಡವಾದ ಕ್ಯಾಸೆಟ್ಟಿನಿಂದ ಪಟ್ಟಿ ಸಮೇತ ತೆಗೆದು ಹಾಕಬಹುದು.

ಚಿಪ್ಪು ಬಿಚ್ಚುವುದು ಕಷ್ಟವಲ್ಲ, ಜಾಗ ಮಾತ್ರ ಸರಿಯಾಗಿರಲಿ. ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ. ಐದು ಸ್ಕ್ರೂ ತೆಗೆದು ಕ್ಯಾಸೆಟ್ಟನ್ನು ಮಲಗಿಸಿಯೇ ಮೇಲಿನ ಅರ್ಧ ಎತ್ತಿ. ಎತ್ತಿದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ: ಎರಡು ಸುರುಳಿ, ಮೂಲೆಯ ರೋಲರು, ಟೇಪು ಯಾವುದರ ಹೊರಗೆ ಯಾವುದರ ಒಳಗೆ ಹಾದಿದೆ, ಎಲ್ಲ ಕಾಣಬೇಕು. ಸುರುಳಿ ಸಲೀಸಾಗಿ ತಿರುಗಲೆಂದು ಇಟ್ಟ ತೆಳು ಜಾರುಹಾಳೆ ಮೇಲಿನ ಚಿಪ್ಪಿಗೆ ಅಂಟಿಕೊಂಡು ಬಂದಿದ್ದರೆ ವಾಪಸ್ಸು ಇಡಿ. ಟೇಪು ತುಂಡಾಗಿದ್ದರೆ ಎರಡೂ ತುದಿಯನ್ನು ಒಂದರ ಮೇಲೊಂದಿಟ್ಟು ಹೊಸ ಬ್ಲೇಡಿನಿಂದ ಓರೆಯಾಗಿ ಒಂದೇ ಸಲಕ್ಕೆ ಕತ್ತರಿಸಿ. ಆಗ ತುದಿಗಳು ಸರಿಯಾಗಿ ಕೂಡುತ್ತವೆ. ಹೆಡ್ಡಿಗೆ ತಾಗುವ ಮುಖ ಯಾವಾಗಲೂ ಹೊರಗಿರುತ್ತದೆ, ಅಂಟುಪಟ್ಟಿ ಹಚ್ಚಬೇಕಾದ್ದು ಒಳಮುಖಕ್ಕೆ. ಸೆಲೋಟೇಪ್ ಮಾತ್ರ ಖಂಡಿತ ಬೇಡ. ಅದರ ಅಂಟು ಸೆಕೆಗೆ ಕರಗಿ ಪಕ್ಕದ ಸುತ್ತಿಗೆ ಹತ್ತಿಕೊಳ್ಳುತ್ತದೆ. ಟೇಪು ಜೋಡಿಸಲೆಂದೇ ಬರುವ ಸ್ಪ್ಲೈಸಿಂಗ್ ಟೇಪ್ ತರಿಸಿಕೊಳ್ಳಿ. ಸ್ಕ್ರೂ ಇಲ್ಲದೆ ಬೆಸೆದ ಚಿಪ್ಪಾದರೆ ಸಂದಿಯಲ್ಲಿ ಬ್ಲೇಡು ಹಾಕಿ ಬಿಡಿಸಿ, ಒಳಗಿನ ಸುರುಳಿಗಳನ್ನು ಸ್ಕ್ರೂ ಇರುವ ಖಾಲಿ ಚಿಪ್ಪಿಗೆ ವರ್ಗಾಯಿಸುವುದೇ ದಾರಿ.

ಯಂತ್ರ ಎಲ್ಲಿ ಸಿಗುತ್ತದೆ, ಹೇಗೆ ಆರಿಸುವುದು

ಕಾಲಾಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿದ ಮೇಲೆ ಮುಂಬೈಯಲ್ಲಿ ಕ್ಯಾಸೆಟ್ ಎಂದು ಬಾಯಿಬಿಟ್ಟು ಕೇಳಬಹುದಾದ ದೊಡ್ಡ ಅಂಗಡಿ ಉಳಿದಿಲ್ಲ. ಮೊದಲು ನೆಂಟರ ಮನೆಯಲ್ಲಿ ವಿಚಾರಿಸಿ. ಗಲ್ಫಿನಿಂದ ತಂದ, ರೇಡಿಯೋ ಕ್ಯಾಸೆಟ್ ಎರಡೂ ಇರುವ ಟೂ-ಇನ್-ಒನ್ ಒಂದಾದರೂ ಯಾರದೋ ಮಂಚದ ಕೆಳಗೆ ಇದ್ದೇ ಇರುತ್ತದೆ. ಅಂಥದ್ದನ್ನು ಪ್ಲಗ್ಗಿಗೆ ಹಾಕುವ ಮುಂಚೆ ಹಿಂಬದಿಯ ವೋಲ್ಟೇಜ್ ಸ್ವಿಚ್ ನೋಡಿ; 110ರಲ್ಲಿ ನಿಂತಿದ್ದರೆ 220ಕ್ಕೋ 240ಕ್ಕೋ ತಿರುಗಿಸಿ. ಸೆಲ್ ಡಬ್ಬಿಯಲ್ಲಿ ಹಸಿರು ಕಿಲುಬು ಇದ್ದರೆ ಮೊದಲು ಅದನ್ನು ಕೆರೆದು ತೆಗೆಯಿರಿ.

ಮನೆಯಲ್ಲಿ ಸಿಗದಿದ್ದರೆ ಚೋರ್ ಬಜಾರ್. ಅಲ್ಲಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ರೇಡಿಯೋ, ಗ್ರಾಮಫೋನ್, ಕ್ಯಾಸೆಟ್ ಡೆಕ್ ಇಟ್ಟ ಅಂಗಡಿಗಳಿವೆ. ಶುಕ್ರವಾರ ಅಂಗಡಿಗಳು ಮುಚ್ಚಿ ಬೀದಿಯಲ್ಲಿ ಬೆಳಗಿನ ಜಾವದಿಂದಲೇ ಸಂತೆ ಕೂರುತ್ತದೆ. ಅಗ್ಗಕ್ಕೆ ಬೇಕೆಂದರೆ ಶುಕ್ರವಾರ, ಹಾಕಿ ನೋಡಿ ಕೊಳ್ಳಬೇಕೆಂದರೆ ಬೇರೆ ದಿನ. ನಾನು ಹೇಳುವುದು ಬೇರೆ ದಿನ. ಬೀದಿಯಲ್ಲಿ ಕರೆಂಟಿರುವುದಿಲ್ಲ, 'ಚಾಲೂ ಹೈ ಸಾಬ್' ಎನ್ನುವ ಮಾತಿಗೆ ಗ್ಯಾರಂಟಿಯೂ ಇರುವುದಿಲ್ಲ.

ಹೋಗುವಾಗ ಜೇಬಿನಲ್ಲಿ ಹೆಡ್‌ಫೋನು ಮತ್ತು ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ ಇರಲಿ. ಆ ಕ್ಯಾಸೆಟ್ಟಿನಲ್ಲಿ ಎಲ್ಲಾದರೂ ಬರೀ ಶ್ರುತಿಯೋ ತಂಬೂರಿಯೋ ಕೆಲವು ಸೆಕೆಂಡು ಕೇಳುವಂತಿದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಿನಿಮಾ ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುವ ಓಲಾಟ ಶ್ರುತಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಷಡ್ಜ ನಿಂತಲ್ಲಿ ನಿಲ್ಲದೆ ತೂಗಿದರೆ ಬೆಲ್ಟು ಸಡಿಲವಾಗಿದೆ ಅಥವಾ ರಬ್ಬರ್ ರೋಲರು ಗಟ್ಟಿಯಾಗಿದೆ ಎಂದರ್ಥ. ಎರಡೂ ದುರಸ್ತಿಯಾಗುವಂಥವೇ, ಚೌಕಾಸಿಗೆ ಒಳ್ಳೆಯ ನೆಪವೂ ಹೌದು. ಆದರೆ ಹೆಡ್ಡಿನ ಮುಖದಲ್ಲಿ ಉಗುರಿಗೆ ಸಿಗುವಷ್ಟು ಹಳ್ಳ ಬಿದ್ದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಸ್ಟೀರಿಯೋ ಡೆಕ್, ಹಿಂದೆ 'ಲೈನ್ ಔಟ್' ಎಂದು ಬರೆದ ಎರಡು ತೂತು, ಇವಿದ್ದರೆ ಒಳ್ಳೆಯದು. ಆನ್‌ಲೈನಿನಲ್ಲಿ ಸಿಗುವ, ಯುಎಸ್‌ಬಿ ತೂತಿರುವ ಅಗ್ಗದ ಹೊಸ ವಾಕ್‌ಮ್ಯಾನಿನಂಥ ಡಬ್ಬಿಗಳನ್ನು ನಾನು ಸುತಾರಾಂ ಶಿಫಾರಸು ಮಾಡುವುದಿಲ್ಲ. ಅದರ ಮೋಟಾರಿನ ಓಲಾಟವೂ ನಿಮ್ಮ ಅಜ್ಜಿಯ ದನಿಯ ಜೊತೆ ಶಾಶ್ವತವಾಗಿ ದಾಖಲಾಗುತ್ತದೆ.

ಬೆಲ್ಟು, ಕೇಬಲ್ಲು, ಸ್ಪಿರಿಟ್ಟು ಎಲ್ಲಕ್ಕೂ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರೋಡ್. ಹಳೇ ಬೆಲ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋದರೆ ಅಳತೆಯ ತಾಪತ್ರಯವಿಲ್ಲ. ಅದು ಡಾಂಬರಿನ ಹಾಗೆ ಕರಗಿ ಅಂಟಿದ್ದರೆ ಗಾಲಿಗಳ ಸುತ್ತ ಒಂದು ನೂಲು ಹಾಯಿಸಿ ಅಳೆದು, ಅದಕ್ಕಿಂತ ಸ್ವಲ್ಪ ಗಿಡ್ಡದ್ದು ಕೇಳಿ.

ಸ್ವಚ್ಛತೆ, ಮತ್ತು ಒಂದು ಸ್ಕ್ರೂ

ಐಸೋಪ್ರೊಪೈಲ್ ಆಲ್ಕೋಹಾಲ್, 99 ಶೇಕಡಾದ್ದು, ಮತ್ತು ಹತ್ತಿ ಕಡ್ಡಿ. ಇಷ್ಟೇ ಸಾಮಾನು. ನೈಲ್ ಪಾಲಿಶ್ ತೆಗೆಯುವ ದ್ರವ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಸೆಂಟು ಬೆರೆತ ಸ್ಪಿರಿಟ್ ಜಿಡ್ಡು ಬಿಡುತ್ತದೆ. ಹೆಡ್ಡು, ಅದರ ಪಕ್ಕದ ತೆಳು ಉಕ್ಕಿನ ಕಂಬಿ, ಎರಡನ್ನೂ ಕಡ್ಡಿ ಕಂದು ಬಣ್ಣ ಬಿಡದಾಗುವ ತನಕ ಒರೆಸಿ. ರಬ್ಬರ್ ರೋಲರಿಗೆ ದ್ರವ ಕಡಿಮೆ ಸಾಕು, ಕೂಡಲೇ ಒಣ ಕಡ್ಡಿಯಿಂದ ಒರೆಸಬೇಕು. ಪ್ರತಿ ಕ್ಯಾಸೆಟ್ ಆದ ಮೇಲೂ ಇದನ್ನು ಮಾಡಿ. ಬೇಸರದ ಕೆಲಸವೇ. ಆದರೂ ಮಾಡಿ.

ಇನ್ನು ಬಹಳ ಜನ ಬಿಟ್ಟುಬಿಡುವ ಸಂಗತಿ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಸ್ಕ್ರೂ ಇದೆ, ಹೆಡ್ಡಿನ ಓರೆ ಸರಿಮಾಡುವುದಕ್ಕೆ. ಕ್ಯಾಸೆಟ್ ರೆಕಾರ್ಡಾದ ಯಂತ್ರದ ಓರೆಗೂ ನಿಮ್ಮ ಯಂತ್ರದ ಓರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಚೂಪಾದ ಸದ್ದುಗಳೆಲ್ಲ ಮಾಯವಾಗುತ್ತವೆ. ಟೇಪು ಓಡುತ್ತಿರುವಾಗಲೇ, ಹೆಡ್‌ಫೋನ್ ಹಾಕಿಕೊಂಡು, ಕಾಂತಗುಣವಿಲ್ಲದ ಚಿಕ್ಕ ಸ್ಕ್ರೂಡ್ರೈವರಿನಿಂದ ಅದನ್ನು ಕಾಲು ಸುತ್ತಿಗಿಂತ ಕಡಿಮೆ ಆಚೆ ಈಚೆ ತಿರುಗಿಸಿ. ತಿರುಗಿಸುವ ಮುನ್ನ ಸ್ಕ್ರೂ ನಿಂತಿದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿರಬೇಕು. ಯಕ್ಷಗಾನದ ಟೇಪಾದರೆ ಭಾಗವತರ ಜಾಗಟೆಗೆ ಕಿವಿಗೊಡಿ, ಭಾವಗೀತೆಯಾದರೆ 'ಸ', 'ಶ' ಅಕ್ಷರಗಳಿಗೆ. ಒಂದು ಜಾಗದಲ್ಲಿ ಜಾಗಟೆಯ ಪೆಟ್ಟು 'ದಪ್' ಎನ್ನುವುದು ಬಿಟ್ಟು 'ಠಣ್' ಎನ್ನುತ್ತದೆ. ಅಲ್ಲಿ ನಿಲ್ಲಿಸಿ. ನಲವತ್ತು ವರ್ಷದ ಮಣ್ಣು ತೊಳೆದು ಹೋದ ಹಾಗೆ ಚೆಂಡೆ, ಮದ್ದಳೆ, ಮಾತು ಬೇರೆ ಬೇರೆಯಾಗಿ ನಿಲ್ಲುತ್ತವೆ. ಯಾವ ಸಾಫ್ಟ್‌ವೇರೂ ಆಮೇಲೆ ಕೊಡಲಾರದ್ದನ್ನು ಈ ಸ್ಕ್ರೂ ಈಗ ಕೊಡುತ್ತದೆ.

ಕಂಪ್ಯೂಟರಿಗೆ ಇಳಿಸುವುದು

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಡೆಕ್ ಸಿಕ್ಕಿಸಬೇಡಿ. ಅದು ಹೆಚ್ಚಾಗಿ ಮೋನೋ, ಮೇಲಾಗಿ ಡೆಕ್ಕಿನ ಜೋರು ಸಿಗ್ನಲಿಗೆ ಅದರಲ್ಲಿ ಸದ್ದು ಒಡೆದುಹೋಗುತ್ತದೆ. ಡೆಕ್ಕಿಗೂ ಲ್ಯಾಪ್‌ಟಾಪಿಗೂ ನಡುವೆ ಸಿಕ್ಕಿಸುವ, 'ಲೈನ್ ಇನ್' ತೂತಿರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದು ತಗೊಳ್ಳಿ. ಟೂ-ಇನ್-ಒನ್ ಆದರೆ ಅದರ ಹೆಡ್‌ಫೋನ್ ತೂತಿನಿಂದ ತೆಗೆಯಬಹುದು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಸ್ಟೀರಿಯೋ, 48 ಕಿಲೋಹರ್ಟ್ಸ್, 24 ಬಿಟ್ ಎಂದು ಹೊಂದಿಸಿ. ಗಂಟೆಗೆ ಸುಮಾರು ಒಂದು ಜಿಬಿ ಜಾಗ ಹಿಡಿಯುತ್ತದೆ.

ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪು ಆಗ ಸಡಿಲವಾಗುತ್ತದೆ. ಆಮೇಲೆ ಅತಿ ಜೋರಿನ ಭಾಗ ಹಾಕಿ ಮಟ್ಟ ಹೊಂದಿಸಿ. ತಾಳಮದ್ದಳೆಯಲ್ಲಿ ಅದು ಚೆಂಡೆಯ ಪೆಟ್ಟು, ಅರ್ಥಧಾರಿಯ ಮಾತಲ್ಲ. ಆ ಪೆಟ್ಟಿಗೆ ಅಡಾಸಿಟಿಯ ಮೀಟರು ಮೈನಸ್ 6 ಡೆಸಿಬೆಲ್ ದಾಟಬಾರದು. ಸೊನ್ನೆ ಮುಟ್ಟಿದರೆ ಒಡೆದ ಸದ್ದನ್ನು ಆಮೇಲೆ ಯಾರಿಂದಲೂ ಕೂಡಿಸಲಾಗದು, ಮೆಲ್ಲಗಿದ್ದರೆ ಎತ್ತಬಹುದು. ಟೇಪಿನ ಹಿಸ್ಸನ್ನು ತಗ್ಗಿಸುವ ಡಾಲ್ಬಿ ಸ್ವಿಚ್ಚು, ಅದರಲ್ಲಿಯೇ ರೆಕಾರ್ಡ್ ಮಾಡಿದ್ದೆಂದು ಕಾಗದದಲ್ಲಿ ಗುರುತಿದ್ದರೆ ಮಾತ್ರ ಆನ್. ಗುಂಯ್‌ಗುಡುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ, ಹೆಚ್ಚಿನ ಸಲ ಅಷ್ಟಕ್ಕೇ ಹೋಗುತ್ತದೆ.

ಒಂದು ಬದಿಯನ್ನು ನಿಲ್ಲಿಸದೆ ಕೊನೆಯವರೆಗೆ ಇಳಿಸಿ. ಹಾಡು ಹಾಡಾಗಿ ತುಂಡು ಮಾಡುವುದು ಆಮೇಲೆ. ಸದ್ದಿನ ಗುಣ ಕುಂದದ ವೇವ್ ಅಥವಾ ಫ್ಲ್ಯಾಕ್ ಫೈಲು ಮೂಲಪ್ರತಿಯಾಗಿ ಹಾಗೇ ಇರಲಿ, ಅದನ್ನು ಮುಟ್ಟಬಾರದು. ತಿದ್ದುವುದೆಲ್ಲ ನಕಲಿನ ಮೇಲೆ.

ತಿದ್ದುವ ವಿಷಯದಲ್ಲಿ ನನ್ನ ಸಲಹೆ: ಕೈ ಕಟ್ಟಿಕೊಳ್ಳಿ. ಟೇಪಿನ 'ಸ್' ಎಂಬ ಹಿಸ್ಸನ್ನು ಆರೇಳು ಡೆಸಿಬೆಲ್ ಇಳಿಸಿದರೆ ಸಾಕು. ಪೂರ್ತಿ ಅಳಿಸಲು ಹೋದರೆ ಭಾಗವತರು ಬಾವಿಯೊಳಗಿಂದ ಹಾಡಿದ ಹಾಗೆ ಆಗುತ್ತದೆ. ನನ್ನ ಬಳಿಯ ಒಂದು ಮಾಟುಂಗದ ತಾಳಮದ್ದಳೆಯಲ್ಲಿ ಕರ್ಣ 'ತಾಯೇ' ಎಂದು ನಿಲ್ಲಿಸಿದ ಜಾಗಕ್ಕೆ ಸರಿಯಾಗಿ ಲೋಕಲ್ ಟ್ರೇನಿನ ಹಾರ್ನ್, ಅದರ ಬೆನ್ನಿಗೇ ಸ್ಟೀಲ್ ಲೋಟ ಉರುಳಿದ ಸದ್ದು, ಯಾರೋ 'ಶ್' ಎಂದದ್ದು. ಅದನ್ನು ತೆಗೆದರೆ ಆ ರಾತ್ರಿ ಯಾವ ಊರಿನದೂ ಆಗದೆ ಹೋಗುತ್ತದೆ.

ಆ್ಯಪಿಲ್ಲದೆ ಕೇಳುವ ವ್ಯವಸ್ಥೆ

ಇಷ್ಟೆಲ್ಲ ಮಾಡಿ ಮತ್ತೆ ಕ್ಲೌಡಿಗೆ ಹಾಕಿ ಅಮ್ಮನಿಗೆ ಲಿಂಕ್ ಕಳಿಸಿದರೆ ಓಟಿಪಿಯ ಬಾಗಿಲಿಗೇ ಬಂದು ನಿಂತಂತಾಯಿತು. ಪೆನ್‌ಡ್ರೈವ್ ಹಾಕುವ, ದೊಡ್ಡ ಗುಂಡಿಗಳಿರುವ ಎಫ್‌ಎಂ ಸ್ಪೀಕರ್ ಡಬ್ಬಿ ತನ್ನಿ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿರಲಿ, ಹಾಡುಗಳು ಎಂಪಿ3ಯಲ್ಲಿ. ಅಗ್ಗದ ಡಬ್ಬಿಗಳಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಅದಕ್ಕೆ ಫೈಲಿನ ಹೆಸರು 001, 002 ಎಂದು ಶುರುವಾಗಲಿ. ಕೆಲವು ಡಬ್ಬಿಗಳು ಹೆಸರಿನ ಕ್ರಮ ಬಿಟ್ಟು ನಕಲು ಮಾಡಿದ ಕ್ರಮದಲ್ಲಿ ಹಾಡುತ್ತವೆ. ಹಾಗಾಗಿ ಒಂದೊಂದಾಗಿ ಕ್ರಮವಾಗಿಯೇ ನಕಲಿಸಿ. ಯಾವ ನಂಬರಿಗೆ ಯಾವ ಹಾಡು ಎಂದು ದಪ್ಪಕ್ಷರದಲ್ಲಿ ಕಾಗದದ ಮೇಲೆ ಬರೆದು ಡಬ್ಬಿಯ ಬದಿಗೆ ಅಂಟಿಸಿ. ದೇವರ ನಾಮಕ್ಕೊಂದು, ಯಕ್ಷಗಾನಕ್ಕೊಂದು ಬೇರೆ ಬೇರೆ ಬಣ್ಣದ ಪೆನ್‌ಡ್ರೈವ್ ಇಟ್ಟರೆ ಇನ್ನೂ ಸಲೀಸು.

ಮೂಲಪ್ರತಿಗಳು ಒಂದು ಹಾರ್ಡ್ ಡಿಸ್ಕಿನಲ್ಲಿ ನಿಮ್ಮ ಬಳಿ, ಇನ್ನೊಂದು ಊರಿನ ಮನೆಯಲ್ಲಿ. ಮೂರನೆಯದು ಬೇಕಾದರೆ ಕ್ಲೌಡಿನಲ್ಲಿರಲಿ, ಅದೊಂದೇ ಪ್ರತಿಯಾಗಬಾರದು ಅಷ್ಟೆ. ಪೆನ್‌ಡ್ರೈವನ್ನು ಕಾಪಿಡುವ ಜಾಗ ಎಂದು ತಿಳಿಯಬೇಡಿ, ಅದು ಕೇಳುವುದಕ್ಕೆ. ಕ್ಯಾಸೆಟ್ಟುಗಳನ್ನು ಕೊನೆಯವರೆಗೆ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಸ್ಪೀಕರಿನಿಂದ ದೂರವಿಡಿ. ಅಕ್ಟೋಬರಿನ ಬಿಸಿಲು ಬಂದಾಗ ಸಿಲಿಕಾ ಜೆಲ್ ಬದಲಿಸಿ.

ಹಂಚುವ ಮುನ್ನ

ಅಂಗಡಿಯ ಕ್ಯಾಸೆಟ್ಟುಗಳ ನಕಲು ನಿಮ್ಮ ಮನೆಯಲ್ಲೇ ಇರಲಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಎಂಬತ್ತರ ದಶಕದ ಭಾವಗೀತೆಯ ಹಕ್ಕು ಇನ್ನೂ ಕಂಪನಿಯದೇ. ಸ್ವಂತ ರೆಕಾರ್ಡಿಂಗಿನಲ್ಲಿ ಕೂಡ ಹಾಡಿದವರು, ಅರ್ಥ ಹೇಳಿದವರು ಇದ್ದಾರಲ್ಲ, ಊರಿಗೆಲ್ಲ ಹರಡುವ ಮುಂಚೆ ಅವರನ್ನೋ ಮನೆಯವರನ್ನೋ ಒಂದು ಮಾತು ಕೇಳುವುದು ಲೇಸು.

ಕೇಳಲು ಹೋಗುವಾಗ ಪೆನ್‌ಡ್ರೈವೊಂದನ್ನು ಅವರಿಗೂ ಕೊಟ್ಟು, ಕೂತು ಹಾಕಿ ಕೇಳಿಸಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘದಂಥ ಕಡೆ ಕಾರ್ಯಕ್ರಮಕ್ಕೆ ಬರುವ ಹಿರಿಯರಿಗೂ ಕೇಳಿಸಬಹುದು. 'ಇದು ಯಾರ ದನಿ, ಮದ್ದಳೆ ಯಾರು, ಯಾವ ವರ್ಷ' ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಅಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಹೆಸರುಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಕನ್ನಡದಲ್ಲಿ ಬರೆದು, ಆ ಟೇಪಿನ ಫೋಲ್ಡರಿನೊಳಗೇ ಇಡಿ. ಗೊಂದಲವಿದ್ದ ಹೆಸರಿನ ಮುಂದೆ ಯಾರು ಏನು ಹೇಳಿದರು ಎಂಬುದನ್ನೂ ಬರೆಯಿರಿ. ಒಬ್ಬರು ಬಡಗಿನ ಭಾಗವತರು ಎಂದರೆ ಇನ್ನೊಬ್ಬರು ತೆಂಕಿನವರೇ ಎಂದು ಜಗಳಕ್ಕೆ ನಿಲ್ಲುವುದು ಖಂಡಿತ.